ಅಜ್ಜೀಪುರದ ಗೂಡಿನ ಕಳವು

ಕೆಂಪನಂಜಪ್ಪ ಹುಳದ ಮನೆಯ ಚಿಲಕ ತೆಗೆದಾಗ ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ಒಳಗೆ ಕಾಲಿಟ್ಟವನು ಅಲ್ಲೇ ನಿಂತ. ಹಿಂದಿನ ಸಂಜೆ ರೇಷ್ಮೆಗೂಡು ಬಿಡಿಸಿ ತುಂಬಿಟ್ಟಿದ್ದ ಬುಟ್ಟಿಗಳು—ಒಂದೂ ಇಲ್ಲ. ಅವತ್ತೇ ಕೊಳ್ಳೇಗಾಲದ ಮಾರುಕಟ್ಟೆಗೆ ಹೋಗಬೇಕಾಗಿದ್ದ ಮಾಲು.

ರಾಮಾಪುರ ಠಾಣೆಯ ದಫೇದಾರ್ ಪುಟ್ಟಸಿದ್ದಯ್ಯ ಬಸ್ಸಿಳಿದು ಬಂದಾಗ ಬಿಸಿಲೇರಿತ್ತು. ವಾರವೆಲ್ಲ ಗಂಧದ ಕಳ್ಳರ ಹಿಂದೆ ಕಾಡು ಸುತ್ತಿ ಅವನ ಕಾಲು ಬಾತಿತ್ತು; ನಿಂತಲ್ಲೇ ನಿದ್ದೆ ಎಳೆಯುತ್ತಿತ್ತು. ಜಗಲಿಯ ಕಂಬಕ್ಕೆ ಒರಗಿ ಒಬ್ಬ ಆಳು ಕುಳಿತಿದ್ದ. ಕೆನ್ನೆ ಊದಿತ್ತು.

“ಇವನ್ಯಾರು?”

“ಚಿನ್ನಸ್ವಾಮಿ. ನಮ್ ಹಿಪ್ಪುನೇರಳೆ ಸೊಪ್ಪಿನ ತೋಟದ ಆಳು,” ಎಂದ ಕೆಂಪನಂಜಪ್ಪ. “ಇವ್ನೇ ಕಣ್ರಿ ಸಾಗಿಸಿರದು. ಕತ್ಲಲ್ಲೇ ನಮ್ಮ ಹಿತ್ಲತಾವ ನಿಂತಿದ್ನಂತೆ, ಪಕ್ಕದ ಮನೆಯೋರು ನೋಡವ್ರೆ. ಮೊನ್ನೆ ಕೂಲಿ ಜಾಸ್ತಿ ಕೇಳ್ದ. ನಾ ಆಗಕಿಲ್ಲ ಅಂದೆ.”

“ಹೊಡ್ದೋರು ಯಾರು?”

ಕೆಂಪನಂಜಪ್ಪ ಹೆಗಲ ಮೇಲಿನ ಟವೆಲ್ಲು ಸರಿಮಾಡಿಕೊಂಡ. ದಫೇದಾರ ಆಳಿನ ಕಡೆ ತಿರುಗಿದ.

“ಅಷ್ಟೊತ್ತಿಗೆ ಯಾಕಯ್ಯಾ ಬಂದಿದ್ದೆ?”

“ಸೊಪ್ಪು ಕುಯ್ಯಾಕೆ ಸಾ. ದಿನಾ ಬತ್ತೀನಿ.”

“ಯಾರನ್ನಾದ್ರೂ ನೋಡ್ದಾ?”

ಚಿನ್ನಸ್ವಾಮಿ ನೆಲ ನೋಡಿದ. “ಇಲ್ಲ ಸಾ.”

ಆ ‘ಇಲ್ಲ’ ತುಸು ತಡವಾಗಿ ಬಂತು. ಇವನನ್ನು ಠಾಣೆಗೆ ಕರೆದೊಯ್ದರೆ ಕೇಸು ಸಂಜೆಯೊಳಗೆ ಮುಗಿಯುತ್ತದೆ. ಹೇಗೆ ಮುಗಿಯುತ್ತದೆಂಬುದೂ ಪುಟ್ಟಸಿದ್ದಯ್ಯನಿಗೆ ಗೊತ್ತಿತ್ತು. ನೋಡಿ ನೋಡಿ ಬೇಸತ್ತಿದ್ದ. ನಿಟ್ಟುಸಿರು ಬಿಟ್ಟು ಹಿತ್ತಲಿಗೆ ನಡೆದ.

ಗಾಡಿಯ ಚಕ್ರದ ಗುರುತು ಹುಳದ ಮನೆಯ ಬಾಗಿಲಿನವರೆಗೂ ಬಂದು, ತಿರುಗಿ ದೊಡ್ಡ ರಸ್ತೆ ಸೇರಿತ್ತು. ಮುಂದೆ ಎತ್ತ ಹೋಯಿತೋ ಹೇಳುವಂತಿರಲಿಲ್ಲ.

“ಕಳವಾದ್ಮೇಲೆ ಒಳಕ್ಕೆ ಯಾರು ಬಂದಿದ್ರು?”

“ಯಾರೂ ಇಲ್ಲ ಕಣ್ರಿ. ನೀವು ನೋಡೋಗಂಟ ಮುಟ್ಟಬಾರ್ದು ಅಂತ ನಾನೇ ಬೀಗ ಹಾಕ್ಬುಟ್ಟೆ.”

ಬೀಗ ತೆಗೆಸಿದಾಗ ಒಳಗೆ ನೆಲ ಬರಿದಾಗಿತ್ತು. ಮೂಲೆಯಲ್ಲಿ ಮಾತ್ರ, ಒದ್ದೆ ಬಟ್ಟೆ ಹೊದಿಸಿದ ಬಿದಿರಿನ ತಟ್ಟೆಗಳಿದ್ದವು.

“ಇವೇನು?”

“ಮುಂದಿನ ಬೆಳೆ ಮರಿಗಳು. ಇನ್ನೂ ಎಳೇವು.”

“ಕಡೇಸಲ ಸೊಪ್ಪು ಹಾಕಿದ್ದು?”

“ನೆನ್ನೆ ಸಂಜೆ. ಇವತ್ತು ಈ ಗಲಾಟೆನಲ್ಲಿ ಯಾರಿಗೆ ನೆಪ್ಪಿದ್ದದು?”

ದಫೇದಾರ ಬಟ್ಟೆ ಎತ್ತಿದ. ನೂಲಿನಷ್ಟು ಸಣ್ಣ ಹುಳುಗಳು. ಅವುಗಳ ಮೇಲೆ ನುಣ್ಣಗೆ ಹೆಚ್ಚಿದ ಹಿಪ್ಪುನೇರಳೆ ಸೊಪ್ಪು. ಬೆರಳಲ್ಲಿ ಒಂದು ಚೂರು ಹಿಡಿದು ನೋಡಿ, ಏನೂ ಹೇಳದೆ ಬಟ್ಟೆ ಮುಚ್ಚಿದ.

ಅಡುಗೆಮನೆಯ ಬಾಗಿಲಲ್ಲಿ ಕೆಂಪನಂಜಪ್ಪನ ಹೆಂಡತಿ ಚನ್ನಾಜಮ್ಮ ನಿಂತಿದ್ದಳು. ಒಳಗೆ ಹೋಗಿರಲಿಲ್ಲ, ಹೊರಗೂ ಬಂದಿರಲಿಲ್ಲ.

“ತಾಯಿ, ಈ ಗೂಡು ಮಾರಿ ಏನು ಮಾಡೋರಿದ್ರಿ?”

“ಮಗಳ ಕಾಲೇಜಿಗೆ ಅಂತ ಸಾಕಿದ್ದು,” ಎಂದಳು. “ಶಿವರತ್ನ ಎಸ್ಸೆಸ್ಸೆಲ್ಸಿ ಪಾಸು ಮಾಡವ್ಳೆ. ಮೈಸೂರ್ನಲ್ಲಿ ಸೀಟು ಸಿಕ್ಕದೆ. ಹನೂರಲ್ಲಿ ನಮ್ಮಣ್ಣನ ಮನೇಲವ್ಳೆ ಈಗ.”

“ಕಾಲೇಜು ಮುಂದಿನ ಬೆಳೇಲಿ,” ಎಂದು ಕೆಂಪನಂಜಪ್ಪ ನಡುವೆ ಬಂದ. “ಈ ಸಲ ಬಾವಿಗೆ ಪಂಪ್‌ಸೆಟ್ ಅಂತ ನಾನು ಮಾತು ಕೊಟ್ಟಾಗಿತ್ತು.”

“ಯಾವತ್ತು ಹೇಳಿದ್ರಿ ಇದನ್ನ ಮನೇಲಿ?”

“ಮೊನ್ನೆ.”

ಪುಟ್ಟಸಿದ್ದಯ್ಯ ಜಗಲಿಯ ಮೇಲೆ ಕುಳಿತು ಬೂಟು ಸಡಿಲಿಸಿಕೊಂಡ.

“ಯಜಮಾನ್ರೆ, ಬುಟ್ಟಿ ಇಲ್ಲ ಅಂತ ನೀವು ಬರೀ ನೆಲ ನೋಡಿದ್ರಿ. ತಟ್ಟೆ ನೋಡಲಿಲ್ಲ. ಸಂಜೆ ಹಾಕಿದ ಸೊಪ್ಪಾದ್ರೆ ಇಷ್ಟೊತ್ತಿಗೆ ಒಣಗಿ ತರಗಾಗ್ಬೇಕು. ಅಲ್ಲಿರೋದು ಇನ್ನೂ ಹಸಿ. ಬೆಳಿಗ್ಗೆಯಿಂದ ಬಾಗಿಲಿಗೆ ಬೀಗ. ಅಂದ್ಮೇಲೆ ಬುಟ್ಟಿ ಸಾಗಿಸ್ದೋರೇ ಮರಿಗಳಿಗೆ ತಿನ್ನಿಸಿ ಹೋಗವ್ರೆ. ಕಳ್ಳನಿಗೆ ಮುಂದಿನ ಬೆಳೆ ಹಸಿವಿನ ಚಿಂತೆ ಯಾಕೆ?”

“ಚಿನ್ನಸ್ವಾಮಿ—”

“ಅವನನ್ನ ಹುಳದ ಮನೆ ಹೊಸ್ತಿಲು ದಾಟಕ್ಕೆ ಬಿಡ್ತೀರಾ ನೀವು?”

ಕೆಂಪನಂಜಪ್ಪ ಇಲ್ಲವೆಂದು ತಲೆಯಾಡಿಸಿದ.

“ಸೊಪ್ಪು ಹೆಚ್ಚೋ ಮಣೆ ಎಲ್ಲದೆ? ಅಡುಗೆಮನೇಲಿ. ಅಲ್ಲಿ ಕೂತು ಅಷ್ಟು ನುಣ್ಣಗೆ ಹೆಚ್ಚೋರು ಈ ಮನೇಲಿ ಒಬ್ಬರೇ ಈಗ. ನೀವೇ ಅಲ್ವಾ ತಾಯಿ?”

ಚನ್ನಾಜಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು.

“ಊಂ. ನಮ್ಮಣ್ಣ ಪುಟ್ಟಮಲ್ಲಪ್ಪನಿಗೆ ಗಾಡಿ ತರಕ್ಕೆ ಹೇಳಿಕಳ್ಸಿದ್ದೆ. ಬುಟ್ಟಿ ಏರ್ಸಿ ಒಳಕ್ ಬಂದೆ. ಮರಿಗಳು ತಲೆ ಎತ್ಕಂಡು ಹುಡುಕ್ತಿದ್ವು. ಕೈ ತಡೀನಿಲ್ಲ.” ಗಂಡನ ಕಡೆ ನೋಡಿದಳು. “ಒಂದ್ಸಲ ನಿಮ್ಮ ತಮ್ಮನ ಮದ್ವೆ ಅಂದ್ರಿ. ಒಂದ್ಸಲ ಎತ್ತು ಅಂದ್ರಿ. ಈಗ ಪಂಪ್‌ಸೆಟ್. ಬೆಳೆ ಕೈಗೆ ಬಂದಾಗೆಲ್ಲ ಮುಂದಿನ ಬೆಳೆ. ಕೇಳಿ ಕೇಳಿ ನಂಗೆ ಸಾಕಾಗೋಯ್ತು ಕಣ್ರಿ. ಜಗಳ ಆಡಕ್ಕೂ ಕಸುವಿಲ್ಲ.”

“ಅವನಿಗೆ ಹೊಡೀವಾಗ?” ಎಂದ ದಫೇದಾರ.

“ಬಾಯಿ ಬಿಡ್ಬೇಕಾಗಿತ್ತು. ಬಿಡನಿಲ್ಲ. ಮಾರುಕಟ್ಟೆ ಮುಗೀಲಿ ಅಂತ ಕಾಯ್ತಿದ್ದೆ.”

ದಫೇದಾರ ಚಿನ್ನಸ್ವಾಮಿಯತ್ತ ನೋಡಿದ. “ನೀನು ನೋಡಿದ್ದೆ.”

“ನೋಡ್ದೆ ಸಾ. ಅವರ ಮಾಲು ಅವರು ಏರ್ಸ್ಕತಾವ್ರೆ ಅಂದ್ಕಂಡೆ. ಆಮೇಲೆ ಯೋಳಿದ್ರೆ ನನ್ ಮಾತ ಯಾರು ನಂಬೋರು?”

ಚನ್ನಾಜಮ್ಮ ಅಂಗಳಕ್ಕೆ ಇಳಿದು ಅವನೆದುರು ನಿಂತಳು. “ತಪ್ಪಾಯ್ತು ಕಣಪ್ಪ.”

ಅವನು ಎದ್ದು ಟವೆಲ್ಲು ಕೊಡವಿದ. “ಆಯ್ತು ಅವ್ವಾರೆ. ನಾಳೆಯಿಂದ ಬೇರೆ ಆಳು ನೋಡ್ಕಳಿ.” ಅಷ್ಟೇ. ಹಿಂತಿರುಗಿ ನೋಡದೆ ಹೊರಟುಹೋದ.

ದಫೇದಾರ ಕೆಂಪನಂಜಪ್ಪನ ಕಡೆ ತಿರುಗಿದ.

“ಯಜಮಾನ್ರೆ, ಕಂಪ್ಲೇಂಟ್ ಬರ್ಕೊಳ್ಳಲಾ? ಬೇಡ್ವಾ? ಈಗ ಬಸ್ಸಿದೆ. ಕೊಳ್ಳೇಗಾಲಕ್ಕೆ ಹೋದ್ರೆ ಗೂಡು ಇನ್ನೂ ಸಿಕ್ಕಬೋದು.”

ಕೆಂಪನಂಜಪ್ಪ ಜಗಲಿಯ ಅಂಚಿನಲ್ಲಿ ಕುಸಿದು ಕೂತಿದ್ದ. ರಸ್ತೆಯ ಕಡೆಯಿಂದ ಬಸ್ಸಿನ ಹಾರನ್ ಕೇಳಿತು. ಅವನು ಏಳಲಿಲ್ಲ. ಬೇಡವೆಂದು ಕೈಯಾಡಿಸಿದ.

ಪುಟ್ಟಸಿದ್ದಯ್ಯ ಬೂಟು ಬಿಗಿದುಕೊಂಡು ಎದ್ದ. ಅಂಗಳ ದಾಟುವಾಗ ಹಿಂದೆ ಕೆಂಪನಂಜಪ್ಪನ ದನಿ ಕೇಳಿತು.

“ಇವತ್ತೇ ಓಯ್ತಾಳ ಮಗಳು ಮೈಸೂರಿಗೆ?”

“ಊಂ. ಅಣ್ಣ ಕರ್ಕಂಡೋಯ್ತಾನೆ.”

“ದಾರಿಗೆ ಬುತ್ತಿ ಕಟ್ಟಿದ್ಯಾ?”