ಮೊದಲು ಕೆಳಗೆ ಮಲಗುವವನು

ಭಾನುವಾರ ಬೆಳಗ್ಗೆ ಹತ್ತೂವರೆಗೆ ಆಕೆ ಠಾಣೆಗೆ ಬಂದಳು. ಎರಡೂ ತೋಳಿಗೆ ಮೊಣಕೈವರೆಗೆ ಗ್ರೀಸ್ ಮೆತ್ತಿತ್ತು. ಮಹಿಳಾ ಕಾನ್‌ಸ್ಟೇಬಲ್ ಕುರ್ಚಿ ಎಳೆದು ಹಾಕಿದರೂ ಕೂರಲಿಲ್ಲ.

“ದೂರು ಕೊಡಬೇಕು.”

“ಯಾರ ಮೇಲಮ್ಮ?” ಎಂದು ಇನ್ಸ್‌ಪೆಕ್ಟರ್ ಕೇಳಿದರು.

“ನನ್ನ ಗಂಡನ ಮೇಲೆ.”

ಇನ್ಸ್‌ಪೆಕ್ಟರ್ ಪೆನ್ನು ಕೆಳಗಿಟ್ಟು ಆಕೆಯ ಮುಖ ನೋಡಿದರು. ಸಾವು ಮನೆಗೆ ಬಂದ ದಿನ ಮನುಷ್ಯನಿಗೆ ಯಾರನ್ನಾದರೂ ಹಿಡಿದು ನಿಲ್ಲಿಸಿ ಉತ್ತರ ಕೇಳಬೇಕೆನಿಸುತ್ತದೆ. ಹತ್ತಿರ ಸಿಕ್ಕವರು ಹೆಚ್ಚಾಗಿ ತಮ್ಮವರೇ ಆಗಿರುತ್ತಾರೆ.

ಆಕೆಯ ತಂದೆ ನಿವೃತ್ತ ಬಸ್ ಡ್ರೈವರ್. ಮನೆಯ ಹಿಂದಿನ ಶೆಡ್ಡಿನಲ್ಲಿ ನಾಲ್ಕು ವರ್ಷದಿಂದ ಒಂದು ಹಳೆಯ ಕಾರನ್ನು ರಿಪೇರಿ ಮಾಡುತ್ತಿದ್ದರು. ಅದೇ ಕಾರಿನಲ್ಲಿ ಅವರು ಹೆಂಡತಿಯನ್ನೂ ಹಸುಗೂಸಾಗಿದ್ದ ಈ ಮಗಳನ್ನೂ ಆಸ್ಪತ್ರೆಯಿಂದ ಮನೆಗೆ ಕರೆತಂದಿದ್ದರು. ಹೆಂಡತಿ ತೀರಿಕೊಂಡ ಮೇಲೆ, ಎಂದೋ ಮಾರಿದ್ದ ಆ ಕಾರನ್ನು ಗುಜರಿಯಲ್ಲಿ ಹುಡುಕಿ ತಂದಿದ್ದರು. ಅಂದು ಬೆಳಗ್ಗೆ ಅದೇ ಕಾರು ಅವರ ಮೇಲೆ ಬಿದ್ದಿತ್ತು. ಆಸ್ಪತ್ರೆ ತಲುಪುವ ಮೊದಲೇ ಜೀವ ಹೋಗಿತ್ತು.

“ಎಂಟು ಗಂಟೆಗೆ ಇವರು ಶೆಡ್‌ಗೆ ಹೋಗಿ ಜಾಕ್ ತಂದ್ರು. ಇವರ ವ್ಯಾನ್ ಟೈರ್ ಪಂಕ್ಚರ್ ಆಗಿತ್ತು. ನಾನು ಟೀ ತಗೊಂಡು ಹೋಗೋ ಹೊತ್ತಿಗೆ ಅಪ್ಪ ಕೆಳಗೆ. ಎಲ್ಲಾ ಸೇರಿ ಕಾರೆತ್ತಿ ಅಪ್ಪನ್ನ ತೆಗೆದ್ಮೇಲೆ ನೋಡಿದ್ರೆ, ಕಾರಿನಡಿ ಕೊಟ್ಟಿದ್ದ ಕಬ್ಬಿಣದ ಸ್ಟ್ಯಾಂಡ್ ಆಚೆ ಉರುಳ್ಕೊಂಡು ಬಿದ್ದಿತ್ತು. ನನ್ನ ಕಾಲು ಅದಕ್ಕೆ ತಾಗಲೇ ಇಲ್ಲ ಅಂತಾರೆ ಇವರು. ಹಾಗಾದ್ರೆ ಸ್ಟ್ಯಾಂಡ್ ತಾನಾಗೇ ನಡ್ಕೊಂಡು ಹೋಯ್ತಾ?”

ಹನ್ನೊಂದಕ್ಕೆ ಎಫ್‌ಐಆರ್ ದಾಖಲಾಯಿತು. ಆಕೆ ಹೊರಗೆ ಬಂದಾಗ ಗಂಡ ಠಾಣೆಯ ಬೆಂಚಿನ ಮೇಲೆ ತಾನಾಗಿಯೇ ಬಂದು ಕುಳಿತಿದ್ದ. ಆಕೆ ಅವನ ಮುಂದೆಯೇ ಹಾದು ಹೋದಳು. ತಲೆ ತಿರುಗಿಸಲಿಲ್ಲ.

ಮಧ್ಯಾಹ್ನ ಪಂಚರ ಸಮಕ್ಷಮ ಶೆಡ್ಡಿನ ಪಂಚನಾಮೆ ನಡೆಯಿತು. ಜನ ಎತ್ತಿ ಕಲ್ಲು ಕೊಟ್ಟು ನಿಲ್ಲಿಸಿದ್ದ ಕಾರಿಗೆ ಸೀಟುಗಳಿರಲಿಲ್ಲ, ಬಾಗಿಲುಗಳಿರಲಿಲ್ಲ. ಒಡಲು ಕುಗ್ಗದಿರಲೆಂದು ಬಾಗಿಲ ಜಾಗಕ್ಕೆ ಅಡ್ಡಲಾಗಿ ಪೈಪು ಬೆಸೆದಿದ್ದರು. ತುಕ್ಕು ಹಿಡಿದು ಕತ್ತರಿಸಿ ತೆಗೆದ ಹಳೆಯ ನೆಲದ ತಗಡುಗಳು ಮೂಲೆಯಲ್ಲಿ ರಾಶಿ ಬಿದ್ದಿದ್ದವು. ಹೆಡ್ ಕಾನ್‌ಸ್ಟೇಬಲ್ ಒಂದನ್ನು ಎತ್ತಿ ಬೆಳಕಿಗೆ ಹಿಡಿದ.

“ಇದರಲ್ಲಿ ಹಿಟ್ಟು ಜರಡಿ ಹಿಡೀಬಹುದು ಸರ್.”

“ಕೆಲಸ ನೋಡು,” ಎಂದರು ಇನ್ಸ್‌ಪೆಕ್ಟರ್.

ಬಾಗಿಲ ಕೆಳಗೆ ಕಾರಿನ ಉದ್ದಕ್ಕೂ ಪೆಟ್ಟಿಗೆಯಂತೆ ಓಡುವ ತಗಡಿಗೆ ರಾಕರ್ ಎನ್ನುತ್ತಾರೆ. ಇಂಥ ಕಾರಿಗೆ ಅದೇ ಬೆನ್ನೆಲುಬು. ಎರಡೂ ಬದಿಯ ರಾಕರ್ ಹೊಸದಾಗಿ ಕಂಡವು. ತಳಕ್ಕೆಲ್ಲ ಡಾಂಬರಿನಂಥ ಕಪ್ಪು ಬಣ್ಣ ಬಳಿದಿದ್ದರು. ಉರುಳಿದ್ದ ಸ್ಟ್ಯಾಂಡಿನ ತಲೆಗೆ ಬಿಳಿಯ ಪುಡಿ ಅಂಟಿತ್ತು. ಹೆಡ್ ಕಾನ್‌ಸ್ಟೇಬಲ್ ಅಂಗಾತ ಮಲಗಿ ಬಲಬದಿಯ ತಳವನ್ನು ಕೈಯಿಂದ ಸವರಿದ. ಕೈ ಕಪ್ಪಾಗಿ ಹೊರಬಂತು.

“ಮಿಕ್ಕಿದ್ದೆಲ್ಲ ಒಣಗಿದೆ ಸರ್. ಇಲ್ಲಿ ಒಂದು ಅಂಗೈ ಅಗಲ ಮಾತ್ರ ಹಸಿ.”

ಫೋಟೊ ತೆಗೆಸಿ ಶೆಡ್ಡಿಗೆ ಸೀಲು ಹಾಕಿದರು.

ಸಂಜೆ ಅಳಿಯನ ವಿಚಾರಣೆ.

“ಜಾಕ್ ತೆಗೆದಾಗ ಮಾವ ಎಲ್ಲಿದ್ದರು?”

“ಪಕ್ಕದಲ್ಲೇ ನಿಂತಿದ್ರು. ಸ್ಟ್ಯಾಂಡ್ ಇದೆ, ಜಾಕ್ ತಗೊಂಡು ಹೋಗು ಅಂದ್ರು. ಕಾರನ್ನ ಭುಜ ಕೊಟ್ಟು ಅಲ್ಲಾಡಿಸಿ ಕೂಡ ನೋಡಿದ್ರು.”

“ಬಲಬದಿಯ ಭಾರವೆಲ್ಲ ಒಂದೇ ಸ್ಟ್ಯಾಂಡಿನ ಮೇಲೆ ಯಾಕೆ?”

“ಅದು ಪರೀಕ್ಷೆ ಸರ್. ಮಾವಂಗೂ ವೆಲ್ಡಿಂಗ್ ಮಾಮಂಗೂ ಇದ್ದ ಕಟ್ಟಳೆ. ರಾಕರ್ ಕೂಡಿಸಿದ ಮೇಲೆ ಅದರ ನಡುವಿಗೆ ಒಂದೇ ಸ್ಟ್ಯಾಂಡ್ ಕೊಡೋದು. ವೆಲ್ಡ್ ಮಾಡಿದವನೇ ಮೊದಲು ಕೆಳಗೆ ಮಲಗಬೇಕು. ಎಡಗಡೆ ಮುಗಿದಾಗ ಮಾಮ ಮಲಗಿ ಗೊರಕೆ ಹೊಡೆದು ತೋರಿಸಿದ್ರು. ಎಲ್ಲಾ ನಕ್ಕಿದ್ವಿ.”

“ಬಲಗಡೆ?”

“ಮಾಮಂಗೆ ಬೆನ್ನುನೋವು ಅಂತ ಮುಂದಕ್ಕೆ ಹೋಗ್ತಾನೇ ಇತ್ತು. ಇವತ್ತು ಮಾವ ಅಂದ್ರು, ಅವನ ಬೆನ್ನು ನೆಟ್ಟಗಾಗೋ ಹೊತ್ತಿಗೆ ನನ್ನ ಆಯುಷ್ಯ ಮುಗಿಯುತ್ತೆ, ನಾನೇ ಮಲಗ್ತೀನಿ ಅಂತ. ತಮಾಷೆಗೆ ಅಂದ್ರು ಸರ್. ನಾನೂ ನಕ್ಕೆ.”

“ಕಾಲು ತಾಗಿತೆ?”

“ಇಲ್ಲ ಅಂತ ಬೆಳಗ್ಗೆ ಗಟ್ಟಿಯಾಗಿ ಹೇಳ್ತಿದ್ದೆ. ಈಗ ನನಗೇ ಗೊತ್ತಿಲ್ಲ. ಅವಳು ಅಷ್ಟು ಸಲ ಕೇಳಿದ ಮೇಲೆ ತಾಗಿದ ಹಾಗೇ ಅನ್ನಿಸ್ತಿದೆ.”

ವೆಲ್ಡಿಂಗ್ ಮಾಮ ಎಂದರೆ ಎದುರು ಮನೆಯ ಮುದುಕ; ತಗಡಿನ ಕೆಲಸದವನು, ಡ್ರೈವರಿನ ಬಾಲ್ಯದ ಗೆಳೆಯ. ಕಾರನ್ನು ಎತ್ತಿ ಗೆಳೆಯನನ್ನು ಹೊರತೆಗೆದವರಲ್ಲಿ ಅವನೇ ಮುಂದೆ ಇದ್ದ. ಹೆಡ್ ಕಾನ್‌ಸ್ಟೇಬಲ್ ಹೋಗಿ ಕೇಳಿದಾಗ ಅವನು ಹೇಳಿದ್ದು ಇಷ್ಟೇ: “ಸ್ಟ್ಯಾಂಡ್ ಬಿದ್ದಿತ್ತು. ಗಾಬರೀಲಿ ಎತ್ತ ಬಿದ್ದಿತ್ತು ಅಂತ ಯಾರು ನೋಡ್ತಾರೆ ಸ್ವಾಮಿ?”

ಸೋಮವಾರ ಮೋಟಾರು ವಾಹನ ನಿರೀಕ್ಷಕರು ಬಂದರು. ಅವರು ಒಂದು ಅಯಸ್ಕಾಂತವನ್ನು ಎಡ ರಾಕರಿಗೆ ಹಿಡಿದರು, ಟಕ್ಕೆಂದು ಕಚ್ಚಿಕೊಂಡಿತು. ಬಲ ರಾಕರಿನ ನಡುವೆ ಹಿಡಿದರೆ ಜಾರಿ ನೆಲಕ್ಕೆ ಬಿತ್ತು. ಹಸಿ ಬಣ್ಣ ಕೆರೆದಾಗ ಒಳಗೆ ತುರುಕಿದ್ದ ಬಟ್ಟೆ ಬಂತು. ಬಟ್ಟೆಯ ಹಿಂದೆ ಚೌಕಾಕಾರದ ತೂತು. ಅಂಚುಗಳೆಲ್ಲ ಮೇಲಕ್ಕೆ ಮಡಚಿದ್ದವು. ಸ್ಟ್ಯಾಂಡಿನ ತಲೆಯನ್ನು ಇಟ್ಟು ನೋಡಿದರು. ಸರಿಯಾಗಿ ಕೂತಿತು.

“ಸ್ಟ್ಯಾಂಡ್ ಉರುಳಿಲ್ಲ. ರಾಕರನ್ನೇ ತೂರಿಕೊಂಡು ಮೇಲೆ ಹೋಗಿದೆ. ಇಲ್ಲಿ ಕಬ್ಬಿಣವೇ ಇಲ್ಲ, ಬರೀ ತಗ್ಗು ತುಂಬೋ ಬಿಳಿ ಪುಟ್ಟಿ,” ಎಂದರು ನಿರೀಕ್ಷಕರು.

“ಅಂದರೆ ಆಮೇಲೆ ಯಾರೋ ಸ್ಟ್ಯಾಂಡ್ ಕಿತ್ತು ಆಚೆ ಹಾಕಿದ್ದಾರೆ. ತೂತು ಮುಚ್ಚಿದ್ದಾರೆ,” ಎಂದರು ಇನ್ಸ್‌ಪೆಕ್ಟರ್.

ಪುಟ್ಟಿಯನ್ನು ಉದ್ದಕ್ಕೂ ಕೆರೆಸಿದರು. ಕೆಳಗಿದ್ದ ಬೆಸುಗೆಯ ಗೆರೆ ಬಯಲಾಯಿತು. ಎಡಬದಿಯ ಬೆಸುಗೆ ಒಳ್ಳೆಯ ದರ್ಜಿಯ ಹೊಲಿಗೆಯಂತೆ ನೆಟ್ಟಗಿತ್ತು. ಬಲಬದಿಯದು ಮೊದಲ ಒಂದು ಗೇಣು ಅಂಚು ಹಿಡಿದು ನಡೆದು, ಆಮೇಲೆ ದಾರಿ ತಪ್ಪಿ ಬರಿಯ ತಗಡಿನ ಮೇಲೆ ಅಲೆದಿತ್ತು. ಮತ್ತೆ ಅಂಚನ್ನು ಹುಡುಕಿಕೊಂಡು ಬಂದು, ಮತ್ತೆ ತಪ್ಪಿತ್ತು. ಸೇರದೆ ಉಳಿದ ಕಡೆಯೆಲ್ಲ ತುಕ್ಕಿನ ಹಳೆಯ ತಗಡಿಗೇ ಪುಟ್ಟಿ ತುಂಬಿತ್ತು.

“ಎರಡೂ ಒಬ್ಬರದೇ ಕೆಲಸವೆ?”

“ಬೆಸುಗೆ ಚುಕ್ಕೆಗಳ ಅಂತರ ನೋಡಿದರೆ ಕೈ ಒಂದೇ.”

“ಹಾಗಾದರೆ ಕೆಟ್ಟಿದ್ದು ಕೈ ಅಲ್ಲ,” ಎಂದರು ಇನ್ಸ್‌ಪೆಕ್ಟರ್.

ಅಂದು ಮಧ್ಯಾಹ್ನ ಮುದುಕನನ್ನು ಠಾಣೆಗೆ ಕರೆಸಿದರು. ಅವನ ಮುಂದೆ ಒಂದು ಲೋಟ ಟೀ ಇಟ್ಟು, “ಕುಡೀರಿ” ಎಂದರು. ಅವನು ಅಂಗೈಯನ್ನು ಮೇಜಿನ ಮೇಲೆ ಚಪ್ಪಟೆ ಇಟ್ಟು, ಮೆಲ್ಲಗೆ ಮುಂದಕ್ಕೆ ಜರುಗಿಸಿದ. ಬೆರಳಿಗೆ ಲೋಟದ ಬಿಸಿ ತಾಗಿದಾಗ ನಿಲ್ಲಿಸಿದ.

“ಎಷ್ಟು ದಿನದಿಂದ ಕಾಣಿಸ್ತಿಲ್ಲ?”

ಮುದುಕ ಕೈ ಹಿಂದಕ್ಕೆಳೆದುಕೊಂಡ.

“ಬಲಬದಿಯ ಪುಟ್ಟಿ ಕೆರೆದು ನೋಡಿದ್ದೀವಿ.”

ಮುದುಕ ಲೋಟವನ್ನು ಎರಡು ಕೈಯಲ್ಲೂ ಹಿಡಿದುಕೊಂಡ. “ನಡುವೆ ನೋಡಿದ್ದು ನಡುವೆ ಇರಲ್ಲ ಸ್ವಾಮಿ. ಅಂಚು ಮಾತ್ರ ಕಾಣುತ್ತೆ. ಮುಖ ನೋಡಿದ್ರೆ ಕಿವಿ ಕಾಣುತ್ತೆ. ಹೋದ ವರ್ಷದಿಂದ ಹೀಗೆ.”

“ಗೆಳೆಯನಿಗೆ ಹೇಳಬಹುದಿತ್ತಲ್ಲ?”

“ಹೇಳಿದ್ರೆ ಅವನು ಕೆಲಸ ನಿಲ್ಲಿಸಿಬಿಡ್ತಿದ್ದ. ಇನ್ನೊಬ್ಬರ ಕೈಲಿ ಮಾಡಿಸೋನಲ್ಲ. ನಾನು ದಿನಾ ಸಂಜೆ ಹೋಗ್ತಿದ್ದದ್ದು ಅದೊಂದು ಶೆಡ್‌ಗೆ. ಅದೂ ಹೋದ್ರೆ ಗೋಡೆ ಮುಂದೆ ಕೂತ್ಕೋಬೇಕು.”

“ಪುಟ್ಟಿ ಹಾಕಿ ಮುಚ್ಚಿದ್ರಿ.”

“ಆಪರೇಷನ್ ಆದ್ಮೇಲೆ ಬಿಚ್ಚಿ ಮತ್ತೆ ಮಾಡೋಣ ಅಂದ್ಕೊಂಡೆ. ಇದಕ್ಕೆ ಆಪರೇಷನ್ ಇಲ್ಲ ಅಂದ್ರು ಡಾಕ್ಟ್ರು. ಅದಕ್ಕೇ ಬೆನ್ನುನೋವು ಅಂದೆ. ನಾನು ಮಲಗದೆ ಅವನು ಮಲಗಲ್ಲ ಅನ್ನೋ ನಂಬಿಕೆ ಇತ್ತು.”

“ಸ್ಟ್ಯಾಂಡ್?”

“ನಾನೇ ಕಿತ್ತೆ. ಎಲ್ಲರೂ ಅವನ ಮುಖ ನೋಡ್ತಿದ್ರು. ಅವರು ಆಸ್ಪತ್ರೆಗೆ ಹೋದ್ಮೇಲೆ ಬಟ್ಟೆ ತುರುಕಿ ಬಣ್ಣ ಬಳಿದೆ. ಅವನೇ ಸರಿಯಾಗಿ ನಿಲ್ಲಿಸಲಿಲ್ಲ ಅಂತ ಆಗ್ಲಿ, ಸತ್ತವನಿಗೆ ಇನ್ನೇನು ನಷ್ಟ ಅಂದ್ಕೊಂಡೆ. ಬದುಕಿರೋ ಹುಡುಗನ ತಲೆಗೆ ಬರುತ್ತೆ ಅಂತ ಹೊಳೀಲಿಲ್ಲ. ಬಂದ್ಮೇಲೆ ಬಾಯಿ ಬಿಡೋ ಧೈರ್ಯ ಬರಲಿಲ್ಲ.”

ನಿರ್ಲಕ್ಷ್ಯದಿಂದ ಸಾವಿಗೆ ಕಾರಣನಾದದ್ದು, ಸಾಕ್ಷ್ಯ ನಾಶಪಡಿಸಿದ್ದು, ಈ ಎರಡು ಆರೋಪಗಳ ಮೇಲೆ ಸಂಜೆ ಐದಕ್ಕೆ ಅವನನ್ನು ದಸ್ತಗಿರಿ ಮಾಡಲಾಯಿತು. ಕೈಕೋಳ ಬೇಡವೆಂದು ಇನ್ಸ್‌ಪೆಕ್ಟರ್ ಹೇಳಿದರು.

ಮಗಳನ್ನೂ ಅಳಿಯನನ್ನೂ ಕರೆಸಿ ವಿಷಯ ತಿಳಿಸಿದರು. ಆಕೆ ಪೂರ್ತಿ ಕೇಳಿದಳು. ಎದ್ದು ಹೊರಗೆ ಬಂದು, ಆಗಲೇ ಹೋಗಿ ಬೆಂಚಿನ ಮೇಲೆ ಕೂತಿದ್ದ ಗಂಡನ ಪಕ್ಕ ಕುಳಿತಳು. ಅವನು ಸ್ವಲ್ಪ ಸರಿದು ಜಾಗ ಮಾಡಿಕೊಟ್ಟ. ಆಕೆ ಆ ಜಾಗವನ್ನು ಬಿಟ್ಟು ಅವನಿಗೆ ಒತ್ತಿಕೊಂಡೇ ಕುಳಿತಳು.

ಆಗಲೇ ಮುದುಕನನ್ನು ಆ ದಾರಿಯಲ್ಲಿ ಕರೆದೊಯ್ದರು. ಉಸಿರಿನಿಂದಲೋ ಏನೋ ಆಕೆಯನ್ನು ಗುರುತು ಹಿಡಿದು ನಿಂತ.

“ನಾನು ಮೊದಲು ಮಲಗಬೇಕಾಗಿತ್ತು ಮಗಳೇ.”

ಆಕೆ ತಲೆ ಎತ್ತಿ ಅವನನ್ನು ನೋಡಿದಳು.

“ಕಣ್ಣು ಕಾಣಲ್ಲ ಅಂತ ಒಂದು ಮಾತು ಹೇಳಿದ್ರೆ, ಅಪ್ಪ ದಿನಾ ಬಂದು ನಿಮ್ಮನ್ನ ಕೈಹಿಡಿದು ಶೆಡ್‌ಗೆ ಕರ್ಕೊಂಡು ಹೋಗ್ತಿದ್ರು, ಮಾಮ. ಅವರು ನಿಮ್ಮನ್ನ ಕರೀತಿದ್ದದ್ದು ಕಾರಿಗೋಸ್ಕರ ಅಲ್ಲ.”

ಮುದುಕ ತಲೆಯಾಡಿಸಿದ. ಮುಂದೆ ಹೆಜ್ಜೆ ಇಡಲು ಗೋಡೆ ಹುಡುಕಿದ. ಹೆಡ್ ಕಾನ್‌ಸ್ಟೇಬಲ್ ಅವನ ತೋಳು ಹಿಡಿದು, “ಮೆಟ್ಟಿಲು ಇದೆ, ನಿಧಾನ,” ಎಂದ.

ಲಾಕಪ್ಪಿನಲ್ಲಿ ಅವನು ಕಿಟಕಿಯ ಬೆಳಕು ಎಲ್ಲಿದೆ ಎಂದು ಕೇಳಿ ಆ ಕಡೆಗೆ ತಿರುಗಿ ಕೈಜೋಡಿಸಿದ. ತನಗಾಗಿ ಏನನ್ನೂ ಬೇಡಲಿಲ್ಲ. ಬಾಗಿಲ ಹೊರಗೆ ಹೆಡ್ ಕಾನ್‌ಸ್ಟೇಬಲ್ ಟೋಪಿ ತೆಗೆದು ನಿಂತ.

“ದೇವರೇ, ಅವನು ನನ್ನ ಕೆಲಸ ನಂಬಿ ಮಲಗಿದ. ಅವನ ಮೇಲಿನ ಭಾರವನ್ನೆಲ್ಲ ಇಳಿಸು. ಅವನ ಹೆಂಡತಿ ಇರೋ ಕಡೆಗೇ ಅವನನ್ನ ಕರ್ಕೊಂಡು ಹೋಗು. ಇನ್ನು ಅವನು ನಿನ್ನ ಕೈಮೇಲೆ ಮಲಗಲಿ. ಆ ಕೈ ಕುಸಿಯೋದಿಲ್ಲ.”