ಮೂಲೆ ಮನೆಗೆ ಹಾಲು

ಟಣ್!

ಕಬ್ಬಿಣದ ರಾಡು ಪಕ್ಕದ ತೊಟ್ಟಿಗೆ ಬಡಿಯಿತು. ಮುಂದಿನದು ನನ್ನ ತೊಟ್ಟಿ.

"ಹುಚ್ಚಯ್ಯಣ್ಣ, ಆಚ್ಗ ಬಾ," ಎಂದ ಪುಟ್ಟರಾಜು. ದನಿಯಲ್ಲಿ ಎಷ್ಟು ಮರ್ಯಾದೆ ಅಂತೀರಿ! "ಜಾಸ್ತಿ ಏನೂ ಮಾಡಲ್ಲ. ಒಂದ್ ಕಾಲ್ ಮುರ್ದು ಕಳುಸ್ಬುಡ್ತೀನಿ, ಅಷ್ಟೇಯ."

ನಾನು ತೊಟ್ಟಿಯ ತಳಕ್ಕೆ ಇನ್ನಷ್ಟು ಅಂಟಿ ಕೂತೆ.

ಇಂಥ ಹೊತ್ತಿನಲ್ಲಿ ಬೇರೆ ಪತ್ತೇದಾರನ ಕೈಯಲ್ಲಿ ಪಿಸ್ತೂಲು ಇರುತ್ತಿತ್ತು. ನನ್ನ ಕೈಯಲ್ಲಿ ಇದ್ದದ್ದು ಹಾಲಿನ ಕ್ಯಾನು. ಅದರ ಮುಚ್ಚಳವೂ ಸಡಿಲ!

ನಗಬೇಡಿ ಸಾರ್. ಆ ಹಾಲು ಹೊತ್ತಿಗೆ ಸರಿಯಾಗಿ ತಲುಪದಿದ್ದರೆ ಮೂವರು ಹೆಣ್ಣುಮಕ್ಕಳು ಬೀದಿಗೆ ಬೀಳುತ್ತಿದ್ದರು. ಅದಕ್ಕೆ ಕಾರಣ ನಾನು.

ನಮ್ಮ ಚಾಮರಾಜನಗರದ ಹಳೇ ರೇಷ್ಮೆ ಫ್ಯಾಕ್ಟರಿ ಹಿಂದೆ ನೂಲು ಲೈನ್ ಅಂತ ಒಂದು ಬೀದಿ. ಫ್ಯಾಕ್ಟರಿ ಮುಚ್ಚಿ ಎಷ್ಟೋ ಕಾಲವಾಯಿತು. ಚಿಮಣಿ ಇದೆ, ಗೂಡು ಬೇಯಿಸುತ್ತಿದ್ದ ತೊಟ್ಟಿಗಳಿವೆ, ಅವುಗಳ ತುಂಬ ಪಾರ್ಥೇನಿಯಂ ಇದೆ. ಅಲ್ಲಿ ದುಡಿದವರ ಪುಟ್ಟ ಪುಟ್ಟ ಮನೆಗಳಲ್ಲಿ ಈಗ ಬದನಗುಪ್ಪೆಯ ಕಂಪನಿಗಳಿಗೆ ಹೋಗುವ ಹುಡುಗರು, ಹುಡುಗಿಯರು ಬಾಡಿಗೆಗಿದ್ದಾರೆ. ಬೆಳಗ್ಗೆ ಕಂಪನಿ ಬಸ್ಸು, ಸಂಜೆ ಚಿಮಣಿ ಮುಂದೆ ನಿಂತು ರೀಲ್ಸು.

ಅವರಿಗೆಲ್ಲ ಮನೆ ಕೊಡಿಸುವವನು ನಾನೇ. ನನ್ನ ಕಾರ್ಡಿನಲ್ಲಿ 'ಬಾಡಿಗೆ ಮನೆ, ಸೈಟು, ಪತ್ತೆ ಕೆಲಸ' ಅಂತಿದೆ. ಪತ್ತೆ ಕೆಲಸ ಎಂದರೆ ಬಾಡಿಗೆಗೆ ಬರುವವರು ಎಂಥವರು ಅಂತ ವಿಚಾರಿಸಿ ಓನರಿಗೆ ಹೇಳುವುದು.

ಮೂಲೆ ಮನೆ ಖಾಲಿಯಾಯಿತು. ಓನರು ಚಿಕ್ಕಮಲ್ಲಮ್ಮ, ಫ್ಯಾಕ್ಟರಿಯಲ್ಲಿ ನೂಲು ತೆಗೆದು ಬೆರಳು ಸವೆಸಿದ ಮುದುಕಿ. ಅದನ್ನು ಕೇಳಿಕೊಂಡು ಗುಂಡ್ಲುಪೇಟೆಯ ಹೂವಿನ ವ್ಯಾಪಾರಿ ಮೃತ್ಯುಂಜಯ ಬಂದ. ಸಂಸಾರ ಇಡುತ್ತೇನೆ ಅಂದ. ನಾನು ಗುಂಡ್ಲುಪೇಟೆಗೇ ಹೋಗಿ ಟೀ ಅಂಗಡಿಯಲ್ಲಿ ಒಬ್ಬನನ್ನು ವಿಚಾರಿಸಿದೆ. ದೇವರಂಥ ಮನುಷ್ಯ, ನೊಣಕ್ಕೂ ನೋವು ಮಾಡಲ್ಲ ಅಂದ ಅವನು. ಚಿಕ್ಕಮಲ್ಲಮ್ಮ ನನ್ನ ಮಾತು ನಂಬಿ ಮೃತ್ಯುಂಜಯನಿಗೆ ಮಾತು ಕೊಟ್ಟಳು.

ಹಾಗೆ ಸರ್ಟಿಫಿಕೇಟು ಕೊಟ್ಟವನು ಯಾರು ಗೊತ್ತೇ? ಮೃತ್ಯುಂಜಯನ ಕೂಲಿಯಾಳು. ಇದೇ ಪುಟ್ಟರಾಜು!

ಮೃತ್ಯುಂಜಯನಿಗೆ ಬೇಕಿದ್ದದ್ದು ಸಂಸಾರಕ್ಕೆ ಮನೆಯಲ್ಲ, ಚೆಂಡುಹೂವಿನ ಗೋಡೌನು. ಮೂಲೆ ಗೋಡೆ ಒಡೆದರೆ ಲಾರಿ ಒಳಗೆ ಬರುತ್ತದೆ. ಅದು ತಿಳಿಯುವ ಹೊತ್ತಿಗೆ ಬೇಗೂರಿನ ತೇಜಸ್ವಿನಿ ಮತ್ತು ಅವಳ ಇಬ್ಬರು ಗೆಳತಿಯರು ಬ್ಯಾಗು ಹಿಡಿದು ಬಂದಿದ್ದರು. ಶಿಫ್ಟ್ ಮುಗಿಸಿ ಹೊತ್ತಲ್ಲದ ಹೊತ್ತಿಗೆ ಬರುತ್ತಾರೆ ಅಂತ ಹಳೇ ಓನರು ಹೊರಗೆ ಹಾಕಿದ್ದ. ಊರಲ್ಲಿ ಬೇರೆ ಯಾರೂ ಮನೆ ಕೊಡಲಿಲ್ಲ. ಅವರ ಮುಖ ನೋಡಿ ಚಿಕ್ಕಮಲ್ಲಮ್ಮ ಕರಗಿದಳು. ಅವರಿಗೂ ಮಾತು ಕೊಟ್ಟುಬಿಟ್ಟಳು!

ಒಂದು ಮನೆ, ಎರಡು ಮಾತು.

ನಮ್ಮ ಲೈನಿನಲ್ಲಿ ಅಗ್ರಿಮೆಂಟು ಎಂಬುದಿಲ್ಲ. ಮನೆಯಲ್ಲಿ ಹಾಲು ಉಕ್ಕಿಸಿದವರು ಬಾಡಿಗೆದಾರರು, ಅವರಾಗಿ ಬಿಡುವ ತನಕ ಎಬ್ಬಿಸುವಂತಿಲ್ಲ. ಚಿಕ್ಕಮಲ್ಲಮ್ಮ ಯೋಚಿಸಿ ತೀರ್ಮಾನ ಹೇಳಿದಳು. ಶುಕ್ರವಾರ ರಾಹುಕಾಲ ಕಳೆದ ಮೇಲೆ ಇಬ್ಬರೂ ಅದೇ ಮನೆಯಲ್ಲಿ ಒಲೆ ಹಚ್ಚಬೇಕು, ಯಾರ ಹಾಲು ಮೊದಲು ಉಕ್ಕುತ್ತದೋ ಅವರಿಗೆ ಮನೆ. ಪ್ಯಾಕೆಟ್ ಹಾಲು ನಡೆಯುವುದಿಲ್ಲ. ಕರೆದ ಹಾಲೇ ಆಗಬೇಕು.

ಶುಕ್ರವಾರ ಬೆಳಗ್ಗೆ ನೋಡಿದರೆ ಲೈನಿಗೆ ಹಸುವಿನ ಹಾಲು ತರುವವನ ಕ್ಯಾನುಗಳೆಲ್ಲ ಖಾಲಿ. ಒಂದು ತೊಟ್ಟೂ ಬಿಡದೆ ಮೃತ್ಯುಂಜಯ ಕೊಂಡುಬಿಟ್ಟಿದ್ದ!

ತೇಜಸ್ವಿನಿ ನನ್ನನ್ನು ನೋಡಿದಳು. ಕೈಯಲ್ಲಿದ್ದ ಖಾಲಿ ಪಾತ್ರೆಯನ್ನು ಬೋರಲು ಹಾಕಿದಳು. ಬೈದಿದ್ದರೂ ಚೆನ್ನಾಗಿತ್ತು. ನನಗೆ ನಿಜವಾಗಿ ನಾಚಿಕೆಯಾಯಿತು. ಮೊಪೆಡ್ ಹತ್ತಿ ಚಂದಕವಾಡಿಯ ನಮ್ಮ ಚಿಕ್ಕಮ್ಮನ ಕೊಟ್ಟಿಗೆಗೆ ಓಡಿದೆ. ಕ್ಯಾನ್ ತುಂಬಿಸಿಕೊಂಡು ಹೊರಟೆ.

ಅರ್ಧ ದಾರಿಯಲ್ಲಿ ಹಿಂದೆ ಬೈಕು ಕಾಣಿಸಿತು. ಮೇಲೆ ಪುಟ್ಟರಾಜು. ತೊಡೆಯ ಮೇಲೆ ರಾಡು.

ನಾನು ಆಕ್ಸಿಲರೇಟರ್ ತಿರುವಿದೆ. ಮೊಪೆಡ್ ಕಿರುಚಿತು, ಸ್ಪೀಡು ಮಾತ್ರ ಅಷ್ಟೇ ಇತ್ತು. ಸೈಕಲ್ಲಿನವನೊಬ್ಬ ನನ್ನನ್ನು ದಾಟಿ ಹೋಗಿ ಹಿಂದಿರುಗಿ ನೋಡಿದ. ಊರು ಸೇರಿದ ಮೇಲೆ ಸಂದಿಗೊಂದಿಗಳಲ್ಲಿ ನುಗ್ಗಿ, ಫ್ಯಾಕ್ಟರಿಯ ಬಿದ್ದ ಗೋಡೆಯ ಹತ್ತಿರ ಮೊಪೆಡ್ ಒಗೆದು, ಒಳಗೆ ಹಾರಿ, ಈ ತೊಟ್ಟಿಯಲ್ಲಿ ಬಚ್ಚಿಟ್ಟುಕೊಂಡಿದ್ದೆ.

ತೊಟ್ಟಿಗೆ ತಾಗಿದ ಗೋಡೆಯ ಆಚೆ ಬದಿಯೇ ಮೂಲೆ ಮನೆ...

ಅಷ್ಟರಲ್ಲಿ ನನ್ನ ಜೇಬು ಮಾದಪ್ಪನ ಹಾಡು ಹಾಡಿತು!

ಫೋನು. ತೇಜಸ್ವಿನಿಯದು. ಪತ್ತೇದಾರ ಸೈಲೆಂಟ್ ಮಾಡಿರಲಿಲ್ಲ.

ಪುಟ್ಟರಾಜು ಓಡಿ ಬಂದ. ನಾನು ತೊಟ್ಟಿಯ ತಳದ ತೂಬಿಗೆ ತಲೆ ತೂರಿಸಿದೆ. ಬಿಸಿನೀರು ಗೋಡೆಯಡಿಯಿಂದ ಬೀದಿ ಚರಂಡಿಗೆ ಹರಿಯಲೆಂದು ಮಾಡಿದ ತೂಬು ಅದು. ತಲೆ ಹೋಯಿತು, ಕ್ಯಾನ್ ಹೋಯಿತು, ಎದೆ ಹೋಯಿತು. ಹೊಟ್ಟೆ ಹೋಗಲಿಲ್ಲ!

ಮುಖ ಬೀದಿಯಲ್ಲಿ. ಕಾಲು ಪುಟ್ಟರಾಜುವಿನ ಕೈಯಲ್ಲಿ.

"ತೇಜು!" ಎಂದು ಕೂಗಿದೆ. ಅವಳು ಓಡಿಬಂದು ನನ್ನ ತೋಳು ಹಿಡಿದಳು. ಕಂಪನಿಯಲ್ಲಿ ದಿನವೆಲ್ಲ ಮಷೀನಿನ ಹಿಡಿ ಎಳೆಯುವ ಕೈ ಅದು. ಆ ಕಡೆಯಿಂದ ಅವನು, ಈ ಕಡೆಯಿಂದ ಅವಳು.

"ಹೊಟ್ಟೆ ಒಳಕ್ ಎಳ್ಕೊಳ್ಳಣ್ಣ," ಎಂದಳು ತೇಜಸ್ವಿನಿ.

"ಎಳ್ಕೊಂಡೇ ಇವ್ನಿ ಕಣಮ್ಮಿ!"

ಫಟ್ಟನೆ ಹೊರಗೆ ಬಿದ್ದೆ. ಒಂದು ಚಪ್ಪಲಿ ಪುಟ್ಟರಾಜುವಿನ ಕೈಯಲ್ಲೇ ಉಳಿಯಿತು. ಕ್ಯಾನು ನನ್ನ ಕೆಳಗೆ ಬಿತ್ತು. ಹಾಲು ಚರಂಡಿಗೆ ಹರಿಯಿತು...

ತೇಜಸ್ವಿನಿ ಕ್ಯಾನ್ ಎತ್ತಿ ಒಳಗೆ ಇಣುಕಿದಳು. ತಳದಲ್ಲಿ ಒಂದು ಲೋಟದಷ್ಟು ಉಳಿದಿತ್ತು. ನನಗೆ ಅಳು ಬಂತು ಸಾರ್, ಸುಳ್ಳು ಹೇಳಲ್ಲ. ಅವಳು ಮಾತ್ರ ಓಡಿದಳು. ನಾನು ಒಂದು ಚಪ್ಪಲಿಯಲ್ಲಿ ಕುಂಟುತ್ತ ಹಿಂದೆ ಓಡಿದೆ.

ರಾಹುಕಾಲ ಆಗಲೇ ಕಳೆದಿತ್ತು. ಅಡುಗೆಮನೆಯಲ್ಲಿ ಬಿಳಿ ಷರ್ಟಿನ ಮೃತ್ಯುಂಜಯ ಕೈಕಟ್ಟಿ ನಿಂತಿದ್ದ. ಅವನ ಒಲೆ ಉರಿಯುತ್ತಿತ್ತು. ಅದರ ಮೇಲೆ ಚೆಂಡುಹೂವಿನ ಹಾರ ಹಾಕಿದ ದೊಡ್ಡ ಹಿತ್ತಾಳೆ ಕೊಳಗ. ಕೊಂಡ ಹಾಲನ್ನೆಲ್ಲ ಕಂಠದವರೆಗೆ ಸುರಿದಿದ್ದ. ಇಡೀ ಲೈನಿಗೆ ಹಂಚುತ್ತೇನೆ, ನನ್ನ ದೊಡ್ಡಸ್ತಿಕೆ ನೋಡಲಿ ಅಂತ ಹೇಳುತ್ತಿದ್ದನಂತೆ.

ನಾನು ಬಾಗಿಲಲ್ಲೇ ಕುಸಿದೆ. ಸೋತೆವು ಅಂತ ತೇಜಸ್ವಿನಿಗೆ ಸನ್ನೆ ಮಾಡಿದೆ.

ಅವಳು ನನ್ನ ಕಡೆ ನೋಡಲೇ ಇಲ್ಲ. ಕೊಳಗವನ್ನು ನೋಡಿದಳು. ಅದರಲ್ಲಿ ಇನ್ನೂ ಹಬೆಯೇ ಎದ್ದಿರಲಿಲ್ಲ.

"ಅಜ್ಜಿ, ಇಷ್ಟೇ ಹಾಲು ಇರ್ಬೇಕು ಅಂತ ಏನಾರ ಅದಾ?" ಎಂದು ಕೇಳಿದಳು.

"ಉಕ್ಬೇಕು ಕಣಮ್ಮಿ, ಅಷ್ಟೇಯ," ಎಂದಳು ಚಿಕ್ಕಮಲ್ಲಮ್ಮ.

ತೇಜಸ್ವಿನಿ ತನ್ನ ಪುಟ್ಟ ಸ್ಟೌವ್ ಹಚ್ಚಿ, ಟೀ ಪಾತ್ರೆಗೆ ಆ ಲೋಟ ಹಾಲು ಹಾಕಿದಳು. ಮೃತ್ಯುಂಜಯ ನಕ್ಕ. ನಗು ಮುಗಿಯುವಷ್ಟರಲ್ಲಿ ಅಂಚಿನಲ್ಲಿ ಗುಳ್ಳೆ ಎದ್ದಿತು. ಅವನು ಬಗ್ಗಿ ತನ್ನ ಒಲೆಯ ಉರಿ ಹೆಚ್ಚಿಸಲು ಹೋದ, ಉರಿ ಆಗಲೇ ಪೂರ್ತಿ ಇತ್ತು. ನೊರೆ ಮೇಲೆ ಬಂತು... ಬಂತು... ಪೂರ್ವದ ಕಡೆಗೇ ಉಕ್ಕಿತು!

ಮೃತ್ಯುಂಜಯನ ಹಾಲು ಆಗ ತಾನೇ ಬೆಚ್ಚಗಾಗುತ್ತಿತ್ತು.

"ಇದೂ ಒಂದ್ ಹಾಲಾ ಅಜ್ಜಿ? ಒಂದ್ ಲೋಟ!" ಎಂದ ಅವನು.

ಚಿಕ್ಕಮಲ್ಲಮ್ಮ ಬೀಗದ ಕೈ ತೇಜಸ್ವಿನಿಯ ಕೈಗಿಟ್ಟಳು. "ನಾನು ಹಾಲು ಉಕ್ಸಿ ಅಂದಿದ್ದು. ಕೆರೆ ತುಂಬ್ಸಿ ಅಂದಿದ್ನಾ?"

ಬಾಗಿಲಲ್ಲಿ ಲೈನಿನ ಹುಡುಗರೆಲ್ಲ ಮೊಬೈಲು ಹಿಡಿದು ನಿಂತಿದ್ದರು. ಅಷ್ಟು ಮಂದಿಯೆದುರು ಗಲಾಟೆ ಮಾಡಲು ಮೃತ್ಯುಂಜಯನಿಗೆ ಧೈರ್ಯ ಬರಲಿಲ್ಲ. ಕೊಳಗ ಬಿಟ್ಟೇ ಹೋದ. ಗೋಡೆ ಸುತ್ತಿ ಬಂದು ಅವನ ಹಿಂದೆ ಹೊರಟ ಪುಟ್ಟರಾಜು ನನ್ನ ಮುಂದೆ ನಿಂತು, ಚಪ್ಪಲಿಯನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟ. "ಬೇಜಾರ್ ಮಾಡ್ಕಬೇಡಣ್ಣ," ಅಂದ.

ಆಮೇಲೆ ಕೂತು ಯೋಚಿಸಿದೆ. ನಾನು ಕ್ಯಾನ್ ತುಂಬ ಹಾಲು ಭದ್ರವಾಗಿ ತಂದಿದ್ದರೆ ಅವಳು ಅಷ್ಟನ್ನೂ ಸುರಿಯುತ್ತಿದ್ದಳೋ ಏನೋ. ಬೇಕೆಂದೇ ಚೆಲ್ಲಿದೆ, ಪ್ಲಾನು ಅದು, ಅಂತ ಲೈನಿನಲ್ಲಿ ಎಲ್ಲರಿಗೂ ಹೇಳಿ ನೋಡಿದೆ. ನಮ್ಮ ಚಿಕ್ಕಮ್ಮನೂ ನಂಬಲಿಲ್ಲ.

ಮೃತ್ಯುಂಜಯನ ಹಾಲಿನಲ್ಲಿ ಸಂಜೆ ಇಡೀ ಲೈನಿಗೆ ಶಾವಿಗೆ ಪಾಯಸ. ಎಲ್ಲರಿಗೂ ತುಂಬಿದ ಲೋಟ, ನನಗೆ ಮಾತ್ರ ಅರ್ಧ. ಯಾಕೆ ಅಂತ ಕೇಳಿದೆ.

"ಮಿಕ್ಕಿದ್ದ ನೀನ್ ಹೆಂಗೂ ಚೆಲ್ತೀಯ ಕಣ್ಲಾ," ಎಂದಳು ಚಿಕ್ಕಮಲ್ಲಮ್ಮ.

ಇಷ್ಟು ಜನರ ಮುಂದೆ ಅವಮಾನ! ತಕ್ಕ ಉತ್ತರ ಕೊಡಬೇಕೆಂದು ಗತ್ತಿನಿಂದ ಎದ್ದು ನಿಂತೆ. ಅಷ್ಟರಲ್ಲಿ ಪಾಯಸ ನನ್ನ ಅಂಗಿಯ ಮೇಲಿತ್ತು.