ಕುರ್ಚಿಯ ಮೇಲಿನ ಹಸಿರು ಟವೆಲ್

ಒಂದಾನೊಂದು ಕೋಟೆಯ ಬಾಗಿಲಿಗೆ ಇಬ್ಬರು ಕಾವಲುಗಾರರು, ಎರಡು ಕೀಲಿ. ಒಬ್ಬನಿಂದಲೇ ಅದು ತೆರೆಯದಂತೆ. ತರೀಕೆರೆಯಲ್ಲಿ ಅಜ್ಜಿ ಹೇಳುತ್ತಿದ್ದ ಆ ಕೋಟೆ ನನಗೆ ಸಿಕ್ಕಿದ್ದು ಕಡೂರಿನಲ್ಲಿ. ಬಿಗಿ ಭದ್ರತೆಯ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳಲು ಅಲ್ಲಿ ತರಬೇತಿ ಕೊಡುತ್ತಿದ್ದರು. ಮನೆಯಿಂದ ಬಂದ ಪತ್ರಗಳನ್ನೇ ನಾವು ಅಭ್ಯಾಸಕ್ಕೆಂದು ಸ್ಕ್ಯಾನ್ ಮಾಡಿ ಅವುಗಳೊಳಗೆ ಬಚ್ಚಿಡುತ್ತಿದ್ದೆವು. ಕಲಿಸುತ್ತಿದ್ದ ಅತೀಯಾ ಮೇಡಂ ಮಹಡಿಯ ಕೋಣೆಯಲ್ಲಿ ಒಬ್ಬರೇ ಇದ್ದರು. ಏನು ಕಳೆದರೂ ಪತ್ತೆ ಮಾಡುವವರು ಅವರೇ; ನಾನು ಅವರ ಬಾಲ.

ಆ ಶುಕ್ರವಾರ ಮಧ್ಯಾಹ್ನ ಪಂಚನಹಳ್ಳಿಯ ತನುಜಾ ಅಳುತ್ತಾ ಮಹಡಿ ಹತ್ತಿದಳು.

"ಮೇಡಂ, ಹೇಮಾವತಿ ಮೇಡಂ ನನ್ ಕಾರ್ಡ್ ಕಿತ್ಕೊಂಡ್ರು. ಐದು ಗಂಟೆ ಪರೀಕ್ಷೆಗೆ ಕೂರಿಸಲ್ವಂತೆ. ನಾನೇನೂ ಅಳಿಸಿಲ್ಲ ಕಣ್ರೀ!"

ಯಾರು ಯಾರ ಪತ್ರ ತೆರೆದರೆಂಬ ಹಿಂದಿನ ದಿನದ ದಾಖಲೆ ಬೆಳಗ್ಗೆ ಹನ್ನೊಂದೂ ಐದಕ್ಕೆ ಅಳಿಸಿಹೋಗಿತ್ತು. ಅಳಿಸಲು ಆ ಕೋಟೆಯ ಕೀಲಿಗಳಂತೆ ಎರಡು ಕಾರ್ಡು ಬೇಕು: ಅಭ್ಯಾಸದಲ್ಲಿ ನಿರ್ವಾಹಕಿಯಾಗಿದ್ದ ತನುಜಾಳದು, ತಪಾಸಕನಾಗಿದ್ದ ಸಹಪಾಠಿ ಭೈರೇಶನದು.

"ಆಗ ಎಲ್ಲಿದ್ದೆ?" ಎಂದರು ಅತೀಯಾ ಮೇಡಂ.

"ಹಿತ್ತಲ ಕಲ್ಲುಬೆಂಚಲ್ಲಿ, ಒಬ್ಳೇ. ಯಾರೂ ನೋಡಿಲ್ಲ." ತಲೆ ತಗ್ಗಿಸಿದಳು. "ಕಾರ್ಡ್ ಮೆಷಿನ್ನಲ್ಲೇ ಬಿಟ್ಟಿದ್ದೆ."

"ಐದರೊಳಗೆ ನಿನ್ನ ಕೈಗೆ ಕೊಡ್ತೀನಿ, ಹೋಗು."

ನಾಲ್ಕೂವರೆಗೆ ಎಲ್ಲರೂ ಲ್ಯಾಬಿನಲ್ಲಿ ಸೇರಿದೆವು. ಮುಖ್ಯಸ್ಥೆ ಹೇಮಾವತಿ ಕಾರ್ಡನ್ನು ಮೇಜಿನ ಮೇಲಿಟ್ಟಿದ್ದರು. ಅಜ್ಜಂಪುರದ ಭೈರೇಶ ಪಟಪಟನೆ ಹೇಳಿದ: "ಹತ್ತೂಮುಕ್ಕಾಲಿಂದ ಹನ್ನೊಂದೂವರೆ ಟೀ ಗಂಟೆವರೆಗೂ ಅವಳ ಪಕ್ಕದಲ್ಲೇ ಇದ್ದೆ. ಅವಳು ಎದ್ದೇ ಇಲ್ಲ. ಅಭ್ಯಾಸಕ್ಕೆ ಅಂತ ನನ್ ಕಾರ್ಡ್ ಕೇಳಿದ್ಲು, ಕೊಟ್ಟೆ."

ಕಾವಲಿನ ಕಲ್ಲೇಶಪ್ಪ ತಲೆಯಾಡಿಸಿದ. "ಹನ್ನೊಂದಕ್ಕೆ ಕಿಟಕಿ ಹತ್ರ ಹಾದೆ. ಇವ್ನು ಕೂತಿದ್ದ. ಪಕ್ಕದ್ದು ಈ ಹುಡ್ಗೀ ಸೀಟು, ಹಸಿರು ಟವೆಲ್ ಇತ್ತಲ್ಲ."

"ಟವೆಲ್ ಎಲ್ಲಿತ್ತು?" ಅತೀಯಾ ಮೇಡಂ ಕೇಳಿದರು.

"ಕೂರೋ ಜಾಗದ ಮೇಲೆ ಕಣಮ್ಮ. ಬಸ್ಸಿನ ಕಿಟಕಿಯಿಂದ ಹಾಕ್ತಾರಲ್ಲ, ಹಂಗೆ."

"ಬಸ್ಸಲ್ಲಿ ಟವೆಲ್ ಯಾಕೆ ಹಾಕ್ತೀವಿ, ಕಲ್ಲೇಶಪ್ಪ?"

"ಬರೋವರ್ಗೂ ಜಾಗ ಇರ್ಲಿ ಅಂತ..." ಅವನ ಬಾಯಿ ಹಾಗೇ ತೆರೆದುಕೊಂಡಿತು.

"ಹೂಂ. ಅವಳು ಕೂತಿದ್ರೆ ಟವೆಲ್ ಕಾಣ್ತಿರಲಿಲ್ಲ. ರಜೆಗೆಲ್ಲ ಊರಿಗೆ ಬಸ್ಸಲ್ಲಿ ಓಡಾಡೋಳು, ಇಲ್ಲೂ ಅದೇ ಅಭ್ಯಾಸ. ಒಂದು ಕಾರ್ಡು ಮೆಷಿನ್ನಲ್ಲೇ ಇತ್ತು, ಇನ್ನೊಂದು ಭೈರೇಶನ ಜೇಬಲ್ಲಿ. ಅವಳು ಎದ್ದೇ ಇಲ್ಲ ಅಂತ ಸುಳ್ಳು ಹೇಳೋ ಅಗತ್ಯ ಇದ್ದಿದ್ದು ಅವನೊಬ್ಬನಿಗೇ. ಪತ್ರಗಳನ್ನ ತೆರೆಯೋಕೆ ತಪಾಸಕನ ಕಾರ್ಡೊಂದೇ ಸಾಕು. ತೆರೆದ ಗುರುತು ಅಳಿಸೋಕೆ ಮಾತ್ರ ಇಬ್ಬರದೂ ಬೇಕು. ಇನ್ನು ಈ ಕಂಪ್ಯೂಟರಲ್ಲಿ ತನ್ನದು ಅಂತ ಒಂದೂ ಪತ್ರ ಇಲ್ಲದವನು ಯಾರು ಹೇಳಿ?"

ಭೈರೇಶ ನೆಲ ನೋಡುತ್ತಿದ್ದ. "ನಂಗೆ ಯಾರೂ ಬರೆಯಲ್ಲ ಮೇಡಂ. ತನುಜಾಳ ಅಮ್ಮ 'ಉಂಡ್ಯಾ ಮಗಾ' ಅಂತ ಬರ್ದಿದ್ರು. ನಾಕ್ ಸಲ ಓದ್ದೆ."

ದಿನವೂ ಮಹಡಿಯಲ್ಲಿ ಒಬ್ಬರೇ ಉಣ್ಣುತ್ತಿದ್ದ ಅತೀಯಾ ಮೇಡಂ ಅವನ ಹತ್ತಿರ ಬಂದರು.

"ಕೇಳಿದ್ರೆ ಅವಳೇ ಓದಿ ಹೇಳ್ತಿದ್ಲು ಕಣೋ," ಎಂದರು ಮೆಲ್ಲಗೆ. "ಅವಳ ತಲೆಗೆ ಯಾಕೆ ಕಟ್ಟಿದೆ?"

ಹೇಮಾವತಿ ಅವನ ಕಾರ್ಡಿಗೆ ಕೈಚಾಚಿದರು.

ಐದಕ್ಕೆ ಇನ್ನು ಎರಡು ನಿಮಿಷ. ಮೇಡಂ ಮೇಜು ಸುತ್ತಿಕೊಂಡು ಹೋಗಿ ತನುಜಾಳ ಅಂಗೈಯಲ್ಲಿ ಕಾರ್ಡು ಇಟ್ಟು ಬೆರಳು ಮಡಚಿದರು. ತನುಜಾ ಹಸಿರು ಟವೆಲನ್ನು ಎತ್ತಿಕೊಂಡು ಕುರ್ಚಿಯಲ್ಲಿ ಕೂತಳು.